ಅರ್ಗಿರೋಳ ಒಪ್ಪಿಗೆ

ಜೂನ್ ತಿಂಗಳ ಎರಡನೇ ವಾರ. ಮೇವಿಗೆಂದು ಬೆಳೆದ ಕುದುರೆಮಸಾಲೆ ಸೊಪ್ಪಿನ ಮೊದಲ ಕೊಯ್ಲು ಮುಗಿದು ಹೊಲದಲ್ಲಿ ಸಾಲುಸಾಲಾಗಿ ಒಣಗುತ್ತಿತ್ತು. ನಮ್ಮ ಕಣಿವೆಯ ಹಗಲಿನ ಗಾಳಿಗೆ ತೇವವೆಂಬುದೇ ಇಲ್ಲ. ಬಿಸಿಲೇರಿದ ಮೇಲೆ ಪೆಂಡಿ ಕಟ್ಟಲು ಹೋದರೆ ಎಲೆಯೆಲ್ಲ ಪುಡಿಯಾಗಿ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಇಬ್ಬನಿ ಆರುವ ಮೊದಲೇ ಕಟ್ಟಿ ಮುಗಿಸಬೇಕು. ಆ ಶನಿವಾರ ಏಳು ಗಂಟೆಯ ಹೊತ್ತಿಗೆ ನಾನು ಹದಿನಾರು ಸಾಲು ಮುಗಿಸಿದ್ದೆ. ಹೆಂಡತಿ ನೆಡ್ರಾ ಬದುವಿನ ಮೇಲೆ ನಿಂತು ಕೈ ಬೀಸಿದಳು. ಪೆಂಡಿ ಕಟ್ಟುವ ಯಂತ್ರ ನಿಲ್ಲಿಸಿದೆ.

“ಇವತ್ತಾದ್ರೂ ಹೋಗ್ತೀರೋ, ಇಲ್ಲ ಸೊಪ್ಪಿನ ನೆಪ ಹೇಳ್ತೀರೋ?”

“ಇನ್ನೂ ಒಂಬತ್ತು ಸಾಲಿದೆ.”

“ಸೊಪ್ಪೇನು ಓಡಿಹೋಗಲ್ಲ. ನಾಳೆಗೆ ಮನೋಲಿಸ್ ತೀರಿಹೋಗಿ ವರ್ಷ. ನಾಳೆ ಭಾನುವಾರ, ನೀವು ಊರು ಬಿಟ್ಟು ಕದಲೋರಲ್ಲ. ಹೋಗೋದಾದ್ರೆ ಇವತ್ತೇ.”

ಕಾಗದವನ್ನು ಆಗಲೇ ಲಕೋಟೆಗೆ ಹಾಕಿ, ಅದನ್ನು ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿಟ್ಟಿದ್ದಳು. ನಾನು ಕೈಕಾಲು ತೊಳೆಯಲು ಹೋದೆ.

ಮನೋಲಿಸ್ ನನ್ನ ಭಾವ. ಅಕ್ಕ ಥೋರಾಳ ಗಂಡ. ಬೆಟ್ಟದಾಚೆಯ ಕಲ್ಲಿದ್ದಲು ಗಣಿಗಳ ಊರು ಪ್ರೈಸ್‌ನಲ್ಲಿ ಹುಟ್ಟಿ ಬೆಳೆದ ಗ್ರೀಕ್ ಮನುಷ್ಯ. ಕುರಿ ಹೊಡೆದುಕೊಂಡು ನಮ್ಮ ಕಣಿವೆಗೆ ಬಂದವನು ಥೋರಾಳನ್ನು ಕಂಡು ಇಲ್ಲೇ ನಿಂತ. ಮದುವೆ ಕೋರ್ಟಿನಲ್ಲಿ ಆಯಿತು. ನಮ್ಮಪ್ಪ ಹೋಗಲಿಲ್ಲ. ಅವರ ಕಡೆಯಿಂದ ಬಂದವಳು ತಂಗಿ ಅರ್ಗಿರೋ ಒಬ್ಬಳೇ. ನನ್ನನ್ನು ಕಂಡೊಡನೆ ಅವಳು ಆಡಿದ ಮೊದಲ ಮಾತು, “ಟೋಪಿ ತೆಗಿ.” ತೆಗೆದೆ. ತಲೆಯನ್ನು ಎರಡೂ ಕಡೆಯಿಂದ ನೋಡಿ, “ಕೊಂಬಿಲ್ಲ. ಮಾರ್ಮನ್ನರಿಗೆ ತಲೆ ಮೇಲೆ ಕೊಂಬಿರತ್ತೆ ಅಂತ ಗಣಿಯೋರು ಸುಳ್ಳು ಹೇಳಿದ್ರು,” ಅಂದಳು.

ಹೊರಗಿನವರು ನಮ್ಮನ್ನು ನೋಡುವ ರೀತಿ ಒಬ್ಬೊಬ್ಬರದು ಒಂದೊಂದು. ನೆವಾಡಾದಿಂದ ಸೊಪ್ಪು ಕೊಳ್ಳಲು ಬರುತ್ತಿದ್ದ ದಲ್ಲಾಳಿ ನಮ್ಮ ಮುತ್ತಜ್ಜಂದಿರಿಗೆ ಹಲವು ಹೆಂಡಿರಿದ್ದ ಕತೆ ಹಿಡಿದು ಪ್ರತಿ ವರ್ಷವೂ ಕಣ್ಣು ಮಿಟುಕಿಸಿ, “ಈಗೆಷ್ಟು ಹೆಂಡ್ತೀರು?” ಅನ್ನುತ್ತಿದ್ದ. “ಇರೋ ಒಬ್ಬಳೇ ಇವನ ಮಾತು ಕೇಳಲ್ಲ. ಇನ್ನೊಬ್ಬಳನ್ನ ತಂದು ಏನು ಮಾಡ್ತಾನೆ?” ಎಂದು ಭಾವ ಪಕ್ಕದಿಂದ ಉತ್ತರ ಕೊಡುತ್ತಿದ್ದ. ಒಂದು ಬೇಸಿಗೆ ಕ್ಯಾಲಿಫೋರ್ನಿಯಾದ ನಿವೃತ್ತ ಮೇಷ್ಟ್ರು ದಂಪತಿ ಕಾರು ಕೆಟ್ಟು ಮೂರು ದಿನ ನಮ್ಮಲ್ಲಿ ಉಳಿದರು. ಬಾಗಿಲಿಗೆ ಬೀಗವಿಲ್ಲ, ಕುಡಿತವಿಲ್ಲ, ಊಟ ತಂದುಕೊಟ್ಟವರು ಹೆಸರೂ ಕೇಳಲಿಲ್ಲ, ಇದು ಸ್ವರ್ಗ ಎಂದು ಆ ಹೆಂಗಸು ಕಣ್ಣೊರೆಸಿಕೊಂಡರು. “ಹೆಸರು ಯಾಕೆ ಕೇಳಲಿಲ್ಲ ಅಂದ್ರೆ, ಅಷ್ಟ್ರಲ್ಲಿ ಊರಿಗೆಲ್ಲ ಗೊತ್ತಾಗಿತ್ತು ತಾಯಿ,” ಅಂದ ಭಾವ.

ಅವನ ಪ್ರಕಾರ ನಾವು ದೇವರೂ ಅಲ್ಲ, ದೆವ್ವವೂ ಅಲ್ಲ. “ನೀರಿನ ವಿಷಯದಲ್ಲಿ ನಂಬಬಹುದು, ಕಾಫಿ ವಿಷಯದಲ್ಲಿ ಪಾಪಿಗಳು,” ಅನ್ನುತ್ತಿದ್ದ. ಕಾಫಿ ನಮ್ಮ ಧರ್ಮಕ್ಕೆ ನಿಷಿದ್ಧ. ಕಾಲುವೆಯ ಪಾಳಿ ಹಗಲು ರಾತ್ರಿ ಬಿಡದೆ ಸುತ್ತುತ್ತದೆ. ಭಾನುವಾರ ದುಡಿಯುವುದು ಪಾಪವೆಂದು, ಆ ದಿನ ಬಂದ ಪಾಳಿಯಲ್ಲಿ ನಮ್ಮವರು ಅನೇಕರು ನೀರು ಕಟ್ಟುವುದಿಲ್ಲ. ನನ್ನ ಭಾನುವಾರದ ನೀರನ್ನು ಮೂವತ್ತೆಂಟು ವರ್ಷ ನನ್ನ ಹೊಲಕ್ಕೆ ತಿರುಗಿಸಿದವನು ಭಾವ. ಮುಗಿಸಿ ಬಂದು ಸಲಿಕೆಯನ್ನು ನಮ್ಮ ಗೋಡೆಗೆ ಒರಗಿಸಿ, “ಏಳಯ್ಯ ಬಿಷಪ್ಪು, ನಿನ್ನ ಪಾಪನೂ ನಾನೇ ಮಾಡಿ ಬಂದೆ,” ಅನ್ನುತ್ತಿದ್ದ. ನಾನು ಎಂದೂ ಬಿಷಪ್ ಆದವನಲ್ಲ.

ಇಷ್ಟಾದರೂ ಅವನು ನಮ್ಮ ಮಾರ್ಮನ್ ಸಭೆಗೆ ಸೇರಲಿಲ್ಲ. ಥೋರಾ ಒತ್ತಾಯ ಮಾಡಲಿಲ್ಲ. ಮಾಂಟಿಯ ಗುಡ್ಡದ ಮೇಲಿನ ದೇವಾಲಯ ನಮ್ಮ ಕಣಿವೆಯಲ್ಲಿ ಎಲ್ಲಿ ನಿಂತರೂ ಕಾಣುತ್ತದೆ. ನಮ್ಮ ಸಭೆಯ ವಿಧಿಯಂತೆ ಅಲ್ಲಿ ಬೆಸೆದ ಗಂಡಹೆಂಡಿರು ಸತ್ತ ಮೇಲೂ ಗಂಡಹೆಂಡಿರೇ. ಕೋರ್ಟಿನ ಮದುವೆ ಸಾವಿನವರೆಗೆ ಮಾತ್ರ. ಥೋರಾ ಪಾತ್ರೆ ತೊಳೆಯುವಾಗ ಕಿಟಕಿಯಿಂದ ಆ ಬಿಳಿ ಗೋಡೆಯನ್ನೇ ನೋಡುತ್ತಿದ್ದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಮಕ್ಕಳಾಗಲಿಲ್ಲ. ಕೊನೆಯ ಕಾಯಿಲೆಯಲ್ಲಿ ನನ್ನ ಮಣಿಕಟ್ಟು ಹಿಡಿದು, “ಎಲ್ಡನ್, ಅಲ್ಲಿ ನಾನೊಬ್ಬಳೇ ಇರೋ ಹಾಗೆ ಮಾಡ್ಬೇಡ. ಅವನು ಈಗ ಬರದಿದ್ರೆ ಬೇಡ. ಆಮೇಲೆ ನೀನು ನೋಡ್ಕೊ,” ಅಂದಳು. ನೋಡಿಕೊಳ್ಳುತ್ತೇನೆ ಅಂದೆ.

‘ಆಮೇಲೆ’ ಅಂದರೆ ಏನೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಸತ್ತವನ ಹೆಸರಿನಲ್ಲಿ ಬದುಕಿದ್ದವನೊಬ್ಬ ದೀಕ್ಷೆಯ ನೀರಿನಲ್ಲಿ ಮುಳುಗಿ ಏಳಬಹುದು. ಆಮೇಲೆ ಗಂಡಹೆಂಡಿರನ್ನು ಬೆಸೆಯುವ ವಿಧಿಯನ್ನೂ ಅವರ ಪರವಾಗಿ ಬೇರೆಯವರು ನಿಂತು ನಡೆಸಬಹುದು. ಸತ್ತು ವರ್ಷ ಕಳೆದಿರಬೇಕು, ಹತ್ತಿರದ ರಕ್ತಸಂಬಂಧಿ ಒಪ್ಪಿರಬೇಕು. ಮನೋಲಿಸನಿಗೆ ಉಳಿದಿದ್ದ ಸಂಬಂಧಿ ಅರ್ಗಿರೋ.

ಇದನ್ನು ಭಾವನ ಹತ್ತಿರವೇ ಒಮ್ಮೆ ಮಾತಾಡಿದ್ದೆ. ಸಾಯುವ ಎರಡು ವರ್ಷ ಮೊದಲು, ಕಾಲುವೆಯ ಗೇಟು ರಿಪೇರಿ ಮಾಡುತ್ತಿದ್ದೆವು. ಅವನು ಸುತ್ತಿಗೆ ಕೆಳಗಿಟ್ಟ.

“ಥೋರಾಗೆ ಬೇಕಿತ್ತು ಅಂತ ನನಗೆ ಗೊತ್ತಿಲ್ವಾ? ಬದುಕಿರೋವಾಗ ನನ್ನ ಕೈಲಾಗಲ್ಲ ಕಣಯ್ಯ. ಅಮ್ಮ ಗೋರಿಯಿಂದ ಎದ್ದು ಬರ್ತಾಳೆ. ಸತ್ತ ಮೇಲೆ ಮಾಡ್ಕೊ. ಬೇಡ ಅನ್ನಲ್ಲ.” ಸುತ್ತಿಗೆ ಎತ್ತಿಕೊಂಡು, ಮತ್ತೆ ಇಳಿಸಿದ. “ಆದ್ರೆ ಅರ್ಗಿರೋ ಇರೋವರೆಗೂ ಬೇಡ. ಅವಳು ನೊಂದ್ಕೊಳ್ತಾಳೆ.”

ಇದು ನನಗೆ ಮಾತ್ರ ಗೊತ್ತಿದ್ದ ಮಾತು. ನೆಡ್ರಾಗೂ ಹೇಳಿರಲಿಲ್ಲ. ಆ ಜೂನ್‌ನಲ್ಲಿ ನನಗೆ ಎಪ್ಪತ್ನಾಲ್ಕು. ಎದೆಯ ಆಪರೇಷನ್ ಎರಡು ಸಲ ಆಗಿತ್ತು. ಅರ್ಗಿರೋಗೆ ಎಪ್ಪತ್ತೊಂದು, ಆಗಲೂ ಏಣಿ ಹತ್ತಿ ಏಪ್ರಿಕಾಟ್ ಕೀಳುತ್ತಿದ್ದಳು. ನಾನು ಹೋದರೆ ಥೋರಾಳ ಹಂಬಲವನ್ನು ನೆನಪಿಡುವವರು ಯಾರು? ನನ್ನ ಮಕ್ಕಳಿಗೆ ಅವಳೀಗ ಒಂದು ಫೋಟೋ ಅಷ್ಟೇ. ಅದಕ್ಕೇ ಒಂದು ಲೆಕ್ಕ ಹಾಕಿದ್ದೆ. ಅರ್ಗಿರೋ ತಾನಾಗಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರೆ ಅವಳು ನೊಂದುಕೊಂಡ ಹಾಗಲ್ಲ, ಭಾವನ ಷರತ್ತು ಅಲ್ಲಿಗೆ ತೀರಿತು. ಷರತ್ತಿನ ವಿಷಯ ಎತ್ತುವ ಅಗತ್ಯವೇ ಇಲ್ಲ.

ಪ್ರೈಸ್‌ಗೆಂದು ಕಣಿವೆ ದಾಟಿ ಬೆಟ್ಟ ಹತ್ತುವಾಗ ಊರಿನ ಸ್ಮಶಾನದ ಪಕ್ಕದಲ್ಲೇ ರಸ್ತೆ. ಥೋರಾಳ ಕಲ್ಲಿನ ಮೇಲೆ ಇಬ್ಬರ ಹೆಸರೂ ಇದೆ, ಆದರೆ ಅಲ್ಲಿ ಮಲಗಿರುವವಳು ಅವಳೊಬ್ಬಳೇ. ಭಾವ ಸತ್ತ ಮಾರನೇ ದಿನ ಅರ್ಗಿರೋ ಬಂದು ಅವನನ್ನು ಪ್ರೈಸ್‌ಗೆ ಒಯ್ದು ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿಸಿದಳು. ನಾನು ತಡೆಯಲಿಲ್ಲ. ಮಣ್ಣಿನದೇನು, ಮುಂದೆ ದೇವಾಲಯ ಇದೆಯಲ್ಲ ಎಂದುಕೊಂಡೆ. ಅಂದಿನಿಂದ ಆ ಕಲ್ಲಿನ ಮುಂದೆ ಗಾಡಿ ನಿಧಾನ ಮಾಡುವುದು ಅಭ್ಯಾಸವಾಗಿದೆ.

ನಾನು ಪ್ರೈಸ್ ತಲುಪಿದಾಗ ಅರ್ಗಿರೋ ಅಡಿಗೆಮನೆಯಲ್ಲಿದ್ದಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬೇಯಿಸಿದ ಗೋಧಿಯನ್ನು ನೀರಾರಲು ಹರಡಿದ್ದಳು. ಸತ್ತವರ ವರ್ಷಕ್ಕೆ ಗ್ರೀಕರು ಮಾಡುವುದು ಅದನ್ನೇ. ಬೆಂದ ಗೋಧಿಗೆ ಸಕ್ಕರೆ, ಒಣದ್ರಾಕ್ಷಿ, ಬಾದಾಮಿ ಬೆರೆಸಿ ಚರ್ಚಿಗೆ ಒಯ್ದು, ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆಲ್ಲ ಹಂಚುತ್ತಾರೆ.

“ಬಾ ಮಾರ್ಮನ್. ಕಾಫಿ ಕುಡೀತೀಯಾ?”

“ನಲವತ್ತು ವರ್ಷದಿಂದ ಕೇಳ್ತಾನೇ ಇದ್ದೀರ.”

“ಕೇಳೋದು ನನ್ನ ಧರ್ಮ, ಬೇಡ ಅನ್ನೋದು ನಿನ್ನ ಧರ್ಮ. ಇಬ್ಬರದೂ ನಡೀಲಿ.” ನೀರು ಕೊಟ್ಟು ಎದುರು ಕುಳಿತಳು. “ಜೇಬಲ್ಲಿ ಏನೋ ಇದೆ. ಬಂದಾಗಿನಿಂದ ಮುಟ್ಟಿ ಮುಟ್ಟಿ ನೋಡ್ಕೊಳ್ತಾ ಇದ್ದೀಯ. ಜಮೀನಿನ ಕಾಗದಾನಾ?”

“ಜಮೀನಿನದಲ್ಲ.” ಕೊಟ್ಟೆ.

ಕನ್ನಡಕ ಹಾಕಿಕೊಂಡು ತುಟಿ ಅಲ್ಲಾಡಿಸುತ್ತ ಓದಿದಳು. ಎರಡನೇ ಸಲವೂ ಓದಿದಳು.

“ಬದುಕಿದ್ದಾಗ ಬಾಗಿಲು ತಟ್ಟಿದ್ರಿ, ಅವನು ತೆಗೀಲಿಲ್ಲ. ಈಗ ಕಾಯೋರು ಯಾರೂ ಇಲ್ಲ ಅಂತ ಒಳಗೆ ನುಗ್ತೀರಾ?”

“ನುಗ್ಗೋದಲ್ಲ ಅರ್ಗಿರೋ. ಇಲ್ಲಿ ಅವನ ಹೆಸರಲ್ಲಿ ಯಾರೋ ಮುಳುಗಿ ಏಳ್ತಾರೆ. ಒಪ್ಪೋದು ಬಿಡೋದು ಅಲ್ಲಿ ಅವನಿಗೆ ಬಿಟ್ಟಿದ್ದು.”

“ಕೂಸಾಗಿದ್ದಾಗಲೇ ನಮ್ಮ ಪಾದ್ರಿ ಅವನನ್ನ ಮೂರು ಸಲ ಮುಳುಗಿಸಿದ್ದಾರೆ. ಇನ್ನೆಷ್ಟು ಒದ್ದೆ ಮಾಡ್ತೀರ ಅವನನ್ನ?”

“ಥೋರಾ ಕೇಳಿದ್ಲು.”

ಆ ಹೆಸರಿಗೆ ಅವಳ ದನಿ ಇಳಿಯಿತು. ಗೋಧಿಯ ಮೇಲೆ ಅಂಗೈ ಆಡಿಸಿ ತೇವ ನೋಡಿದಳು.

“ಥೋರಾ ಒಳ್ಳೆಯವಳು. ನನ್ನ ಗಂಡ ಸತ್ತಾಗ ಎರಡು ತಿಂಗಳು ಇಲ್ಲೇ ಇದ್ಲು. ಬಾಯಿಗೆ ಒಂದು ಹನಿ ಕಾಫಿ ಹಾಕ್ಕೊಳ್ದೆ, ನನಗೆ ದಿನಾ ಎರಡು ಹೊತ್ತು ಕಾಫಿ ಮಾಡಿಕೊಟ್ಲು. ಕೆಟ್ಟ ಕಾಫಿ.” ಕಾಗದವನ್ನು ಮತ್ತೆ ನೋಡಿದಳು. “ಮನೋಲಿಸ್ ಏನಾದ್ರೂ ಹೇಳಿದ್ನಾ? ಬಾಯಿ ಬಿಟ್ಟು?”

ನಾನು ನೀರು ಕುಡಿದೆ.

“ನಿಮ್ಮ ಜನ ಸುಳ್ಳು ಹೇಳಲ್ಲ ಅಂತಾರೆ. ಕೆಲವರು, ನಿಮ್ಮಷ್ಟು ನಯವಾಗಿ ಸುಳ್ಳು ಹೇಳೋರೇ ಇಲ್ಲ ಅಂತಾರೆ. ಯಾವುದು ನಿಜ ಅಂತ ಇವತ್ತು ನೋಡೇಬಿಡೋಣ. ಏನಂದ?”

ದಾರಿಯುದ್ದಕ್ಕೂ ಹಾಕಿದ್ದ ಲೆಕ್ಕ ಆ ಮೇಜಿನ ಮುಂದೆ ನಿಲ್ಲಲಿಲ್ಲ. ‘ಮಾಡ್ಕೊ ಅಂದ’ ಎಂದು ಅರ್ಧಕ್ಕೆ ನಿಲ್ಲಿಸಿದ್ದರೆ ಅದೂ ಸುಳ್ಳಾಗುತ್ತಿರಲಿಲ್ಲ. ಅವಳು ಸಹಿ ಹಾಕಿಬಿಡುತ್ತಿದ್ದಳೇನೋ. ಆದರೆ ಆ ಸಹಿಯನ್ನು ಹಿಡಿದುಕೊಂಡು ದೇವಾಲಯದ ಮೆಟ್ಟಿಲು ಹೇಗೆ ಹತ್ತಲಿ? ಕಾಲುವೆಯ ಗೇಟಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳಿರುವವರೆಗೂ ಬೇಡ ಅಂದಿದ್ದನ್ನೂ ಹೇಳಿದೆ.

ಅರ್ಗಿರೋ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ನಾನು ನೊಂದ್ಕೊಳ್ತೀನಿ ಅಂದ್ನಾ?”

“ಹಾಗೇ ಅಂದ.”

“ಇನ್ನೊಂದ್ಸಲ ಹೇಳು. ಅವನು ಹೇಳಿದ ಹಾಗೇ ಹೇಳು.”

ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

“ನಲವತ್ತು ವರ್ಷ ಬೆಟ್ಟದ ಆ ಕಡೆ ಇದ್ದ. ಈಸ್ಟರಿಗೆ ಬಾ ಅಂದ್ರೆ ಕುರಿ ಈಯ್ತಾ ಇದೆ ಅಂತಿದ್ದ. ಅಮ್ಮನ ತಿಥಿಗೆ ಬಾ ಅಂದ್ರೆ ನೀರಿನ ಪಾಳಿ ಅಂತಿದ್ದ. ಬಂದ್ರೂ ನಿಂತ ಕಾಲಲ್ಲೇ ವಾಪಸ್ಸು. ನಿಮ್ಮ ಜನ ಅವನನ್ನ ನುಂಗಿಬಿಟ್ರು ಅಂದ್ಕೊಂಡಿದ್ದೆ. ನನ್ನ ನೆನಪೇ ಇಲ್ಲ ಇವನಿಗೆ ಅಂತ.” ಮೂಗೊರೆಸಿಕೊಂಡಳು. “ಅದಕ್ಕೇ ಕಣೋ ಹೆಣ ಆದ್ರೂ ನನಗೆ ಬೇಕು ಅಂತ ಎತ್ಕೊಂಡು ಬಂದದ್ದು.”

ಅವಳು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕಡೆ ಸರಿಸಿದಳು.

“ನೀನು ಬರೀ ಕಾಗದ ತಂದು, ಥೋರಾಗೋಸ್ಕರ ಅಂದಿದ್ರೆ ಬೈದು ಬೈದು ಕೊನೆಗೆ ಹಾಕಿಬಿಡ್ತಿದ್ದೆ. ಈಗ ಹಾಕಲ್ಲ. ಹಾಕಿದ್ರೆ ಅವನ ಮಾತು ಅಲ್ಲಿಗೆ ಮುಗಿದುಹೋಗತ್ತೆ. ಅವನು ನನಗೆ ಅಂತ ಇಟ್ಟುಹೋಗಿರೋದು ಇದೊಂದೇ. ನಾನಿರೋವರೆಗೂ ನನ್ನ ಹತ್ರ ಇರ್ಲಿ.”

“ನನ್ನ ಎದೆ ಸರಿಯಿಲ್ಲ ಅರ್ಗಿರೋ.”

“ಗೊತ್ತು. ನೆಡ್ರಾ ಫೋನಲ್ಲಿ ಹೇಳಿದ್ಲು. ಉಪ್ಪು ಕಮ್ಮಿ ತಿನ್ನು, ಪೆಂಡಿ ಎತ್ಬೇಡ. ನನಗಿಂತ ಒಂದೇ ಒಂದು ವರ್ಷ ಜಾಸ್ತಿ ಬದುಕು, ಸಾಕು. ನಾನು ಹೋದ ಮೇಲೆ ನಿಮಗೆ ಯಾರ ಒಪ್ಪಿಗೆ ಬೇಕು?”

“ನಿಮ್ಮನ್ನ ನೋಡಿದ್ರೆ ನೂರು ದಾಟೋ ಹಾಗೆ ಕಾಣ್ತೀರ.”

“ನಮ್ಮಜ್ಜಿ ನೂರಾ ಎರಡು.”

ಇಬ್ಬರಿಗೂ ನಗು ಬಂತು. ಆದರೂ ಥೋರಾ ತನ್ನ ಅಡಿಗೆಮನೆಯ ಕಿಟಕಿಯಲ್ಲಿ ತಟ್ಟೆ ಹಿಡಿದು ನಿಂತಿದ್ದು ಕಣ್ಣ ಮುಂದೆ ಬಂತು. ಏಳಲು ಹೊರಟಾಗ ಅರ್ಗಿರೋ ಭುಜ ಒತ್ತಿ ಕೂರಿಸಿದಳು. ಕಪಾಟಿನಿಂದ ಅಂಗೈಯಷ್ಟು ಅಗಲದ ತಟ್ಟೆ ತೆಗೆದು ಮುಂದಿಟ್ಟಳು. ಅದರಲ್ಲಿ ಆಗಲೇ ಸಕ್ಕರೆ ಬೆರೆಸಿ, ಮೇಲೆ ದಾಳಿಂಬೆ ಕಾಳು ಇಟ್ಟಿದ್ದ ಗೋಧಿ ಇತ್ತು.

“ಇದು ಥೋರಾದು. ನಾಳೆ ಚರ್ಚಲ್ಲಿ ಅವಳ ಹೆಸರು ಓದಲ್ಲ, ಅವಳು ನಮ್ಮವಳಲ್ಲ. ನಾನು ಮನೇಲೇ ಮಾಡ್ತೀನಿ. ಅವಳು ಹೋದಾಗಿನಿಂದ ಪ್ರತಿ ವರ್ಷ. ಪಾದ್ರಿಗೆ ಹೇಳಿಲ್ಲ.”

ನಾನು ಚಮಚ ಎತ್ತಿಕೊಂಡವನು ಅವಳ ಮುಖ ನೋಡಿದೆ.

“ಹೌದಾ? ಇದಕ್ಕೆ ಥೋರಾ ಕಡೆಯವರ ಒಪ್ಪಿಗೆ ಕೇಳಿದ್ರಾ?”

“ತಿನ್ನು ಮಾರ್ಮನ್,” ಅಂದಳು.

ತಿಂದೆ. ಕೊನೆಯ ಕಾಳಿನವರೆಗೂ ಎದುರಿಗೆ ಕೂತೇ ಇದ್ದಳು.

ಮನೆಗೆ ಬಂದಾಗ ನೆಡ್ರಾ ಕೇಳಲಿಲ್ಲ. ಸಹಿಯ ಜಾಗ ಖಾಲಿ ಇರುವುದನ್ನು ನೋಡಿ ಕಾಗದವನ್ನು ಬೀರುವಿನಲ್ಲಿಟ್ಟಳು. ಆಗ ನಾನು ಎಲ್ಲವನ್ನೂ ಹೇಳಿದೆ. ಅವಳು ಕೇಳಿ, “ಹೇಳಿದ್ದು ಒಳ್ಳೇದಾಯ್ತು,” ಅಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಪಾಪ ಥೋರಾ,” ಅಂದಳು.

ಅದಾಗಿ ಮೂರು ವರ್ಷ. ಪ್ರತಿ ಈಸ್ಟರಿಗೂ ಪ್ರೈಸ್‌ನಿಂದ ಒಂದು ಕಾರ್ಡು ಬರುತ್ತದೆ. ‘ನಾನಿದ್ದೀನಿ. ನೀನು?’ ಎಂದಿಷ್ಟೇ ಬರೆದಿರುತ್ತದೆ. ‘ನಾನೂ ಇದ್ದೀನಿ’ ಎಂದು ಬರೆದು ಹಾಕುತ್ತೇನೆ. ಈ ಸಲ ಅವಳ ಅಕ್ಷರ ಸ್ವಲ್ಪ ನಡುಗಿತ್ತು. ಅದನ್ನು ಕಂಡು ನನ್ನ ಮನಸ್ಸಿಗೆ ಒಂದು ಗಳಿಗೆ ಏನನ್ನಿಸಿತು ಎಂಬುದನ್ನು ಇಲ್ಲಿ ಬರೆಯಲಾರೆ.

ಅಕ್ಕನಿಗೆ ಕೊಟ್ಟ ಮಾತು ಹಾಗೇ ಬಾಕಿ ಇದೆ. ಸಂಜೆ ಊಟಕ್ಕೆ ಮೊದಲು ನಾವಿಬ್ಬರೂ ಮೊಣಕಾಲೂರಿ ಪ್ರಾರ್ಥನೆಗೆ ಕೂರುತ್ತೇವೆ. ಮಕ್ಕಳು, ಮೊಮ್ಮಕ್ಕಳು, ಕಾಯಿಲೆ ಬಿದ್ದ ನೆರೆಯವರು ಎಲ್ಲರ ಹೆಸರೂ ಮುಗಿದ ಮೇಲೆ ನೆಡ್ರಾ ಅರ್ಗಿರೋಳ ಹೆಸರೆತ್ತಿ, ಅವಳಿಗೆ ಆರೋಗ್ಯ ಕೊಡು, ಆಯಸ್ಸು ಕೊಡು ಎಂದು ಬೇಡುತ್ತಾಳೆ. ಒಂದು ಉಸಿರಿನಷ್ಟು ತಡೆದು ನಾನೂ ಆಮೆನ್ ಅನ್ನುತ್ತೇನೆ.