ಮುಟ್ಟದೆ ನೋಡತಕ್ಕದ್ದು

ನಲವತ್ತು ಸೆಕೆಂಡ್ ಆಯಿತು ಮುದುಕರ ತೋಳಿಗೆ ಆ ರಬ್ಬರ್ ಪಟ್ಟಿ ಬಿಗಿದು, ನಲವತ್ತೊಂದು, ನಲವತ್ತೆರಡು, ಈ ಹುಡುಗಿ ಇನ್ನೂ ನರ ಹುಡುಕುತ್ತಿದ್ದಾಳೆ, ಅಷ್ಟು ಮೇಲಲ್ಲ ಕಣೇ, ಮೊಣಕೈ ಮಡಿಚುವ ಜಾಗದಲ್ಲಿ ನೋಡು, ಕಣ್ಣಿಂದಲ್ಲ, ಬೆರಳಿಂದ ಹುಡುಕು — ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ, ಹೇಳಿಕೊಡುವುದೂ ಈ ದೇಶದ ಕಾನೂನಿನ ಪ್ರಕಾರ ಕೆಲಸವೇ ಇರಬಹುದು, ಯಾರಿಗೆ ಗೊತ್ತು. ನನ್ನ ಕೊರಳಲ್ಲಿ ತೂಗುವ ಬಿಲ್ಲೆಯ ಮೇಲೆ ವೀಕ್ಷಕಿ ಎಂದಿದೆ. ರಕ್ತ ತೆಗೆಯುವ ತರಬೇತಿಗೆ ಬಂದ ಆರು ಜನರಲ್ಲಿ ಐವರ ಮುಂದೆ ಕೈಗವಸು, ಹತ್ತಿ, ಸೂಜಿಯ ಟ್ರೇ, ನನ್ನ ಮುಂದೆ ಮಾತ್ರ ಒಂದು ಲೋಟ ನೀರು, ಬೀಗರ ಮನೆಗೆ ಬಂದು ಕೂತವಳ ಹಾಗೆ. ಕೆಲಸದ ಪರವಾನಗಿ ಬರುವ ತನಕ ಕೂತು ನೋಡಬಹುದು, ಏನನ್ನೂ ಮುಟ್ಟುವಂತಿಲ್ಲ, ತರಬೇತಿಯವರು ಕೊಟ್ಟ ಕಾಗದದ ಎರಡನೆಯ ಸಾಲು ಅದು, ಅರ್ಜಿ ಹಾಕಿ ಏಳು ವಾರವಾಯಿತು, ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು, ನನ್ನ ವೀಸಾದಲ್ಲಿ ಫೋಟೋದ ಪಕ್ಕ ಅವಲಂಬಿತೆ ಎಂದು ಅಚ್ಚಾಗಿದೆ, ಊರಿನ ಲ್ಯಾಬಿನಲ್ಲಿ ಹನ್ನೊಂದು ವರ್ಷ ದಿನಕ್ಕೆ ಅರವತ್ತು ತೋಳು ಹಿಡಿದ ಅವಲಂಬಿತೆ, ಅಲ್ಲಿನ ಮಕ್ಕಳು ಸೊಳ್ಳೆ ಆಂಟಿ ಅನ್ನುತ್ತಿದ್ದವು, ಕಚ್ಚಿದ್ದೇ ಗೊತ್ತಾಗಲ್ಲ ಅಂತ. ಬೆಳಿಗ್ಗೆ ಬಸ್ ಸ್ಟಾಪಿನ ತನಕ ಬಂದು ನಮ್ಮ ಮನೆಯವರು ಮೂರು ಸಲ ಹೇಳಿದ್ದು ಆ ಎರಡನೆಯ ಸಾಲನ್ನೇ, ನೋಡು, ವಕೀಲರು ಬಿಡಿಸಿ ಹೇಳಿದ್ದಾರೆ, ಪರ್ಮಿಟ್ ಬರೋಕೆ ಮುಂಚೆ ಒಂದು ಹತ್ತಿ ಉಂಡೆ ಎತ್ತಿಕೊಟ್ರೂ ಅದು ಕೆಲಸಾನೇ, ನಿಂದು ರದ್ದಾದ್ರೆ ನನ್ನ ಫೈಲೂ ತೆಗೀತಾರೆ, ಮಗು ಸ್ಕೂಲು, ನನ್ನ ಕೆಲಸ ಎಲ್ಲಾ ಗೋತಾ, ಕೈ ಕಟ್ಕೊಂಡು ಕೂತಿರು ತಾಯಿ. ರೀ, ನಾನೇನು ಚಿಕ್ಕ ಮಗೂನಾ. ಚಿಕ್ಕ ಮಗು ಆಗಿದ್ರೆ ಇಷ್ಟು ಹೆದರ್ತಿರ್ಲಿಲ್ಲ, ನಿನ್ನ ಕೈ ನಂಗೆ ಗೊತ್ತಿಲ್ವಾ.

ಐವತ್ತೆಂಟು. ಸೂಜಿ ಹೋಯಿತು. ತಪ್ಪು ಜಾಗ, ರಕ್ತ ಬರುತ್ತಿಲ್ಲ, ಹುಡುಗಿಯ ಹಣೆಯಲ್ಲಿ ಬೆವರು, ಮೊನ್ನೆ ತನಕ ಕೂದಲು ಕತ್ತರಿಸುವ ಅಂಗಡಿಯಲ್ಲಿದ್ದವಳಂತೆ ಪಾಪ, ಒಂದು ನಿಮಿಷಕ್ಕಿಂತ ಬಿಗಿದಿರಬಾರದು, ಮೀರಿತು, ಪಟ್ಟಿ ಬಿಚ್ಚು, ಪಟ್ಟಿ, ತರಬೇತುದಾರ್ತಿ ಎಲ್ಲಿ ಹೋದರು, ಹೊರಗೆ ಪಡಸಾಲೆಯಲ್ಲಿ ಫೋನ್ ಹಿಡಿದುಕೊಂಡು ನಗುತ್ತಿದ್ದಾರೆ, ಉಳಿದ ನಾಲ್ವರು ತಮ್ಮ ತಮ್ಮ ಪ್ಲಾಸ್ಟಿಕ್ ತೋಳುಗಳಲ್ಲಿ ಮುಳುಗಿದ್ದಾರೆ, ಕೂಗಲೇ, ಕೂಗಿದರೆ ತಪ್ಪೇನಿಲ್ಲ, ಮೇಡಂ ಒಂದು ನಿಮಿಷ — ಕೂಗುವ ಬದಲು ನೀರಿನ ಲೋಟ ಹಿಡಿದುಕೊಂಡೆ. ಮುದುಕರು ಬಸ್ ಓಡಿಸಿ ನಿವೃತ್ತರಾದವರು, ತಾವಾಗಿಯೇ ತೋಳು ಕೊಡಲು ಬಂದವರು, ಬಂದಾಗ ಎಲ್ಲರನ್ನೂ ನಗಿಸಿದ್ದರು, ಟಿಕೆಟ್ ಇಲ್ಲದೆ ಯಾರೂ ಹತ್ತೋ ಹಾಗಿಲ್ಲ ಅಂತ, ಈಗ ನಗುವಿಲ್ಲ, ಮಗಳೇ ಬೆರಳು ಜೋಮು ಹಿಡೀತಿದೆ ಅನ್ನುತ್ತಿದ್ದಾರೆ, ಹೌದು, ಉಗುರಿನ ಬುಡ ನೀಲಿಗೆ ತಿರುಗಿದೆ, ನೋಡಬೇಡ, ನೀರು ಕುಡಿ, ಕಿಟಕಿ ನೋಡು, ಕಿಟಕಿಯಾಚೆ ಒಬ್ಬಾತ ಕಾರಿನ ಗಾಜು ಒರೆಸುತ್ತಿದ್ದಾನೆ, ಒರೆಸಿದ್ದನ್ನೇ ಒರೆಸುತ್ತಿದ್ದಾನೆ, ಎರಡು ವರ್ಷದಿಂದ ನಾನೂ ಅಡುಗೆಮನೆಯ ಕಟ್ಟೆಯನ್ನು ಹಾಗೆಯೇ ಒರೆಸಿದ್ದೇನೆ, ಅತ್ತೆ ಫೋನಿನಲ್ಲಿ ಕೇಳುತ್ತಾರೆ, ಆರಾಮಾಗಿದೀಯಲ್ಲಮ್ಮ ಮನೇಲಿ, ಹೌದತ್ತೆ, ತುಂಬಾ ಆರಾಮು, ಆರಾಮಿನಲ್ಲಿ ಕೈ ಕೊಳೆತು ಹೋಗುತ್ತಿದೆ ಎಂದು ಹೇಳಲಿಲ್ಲ, ಹೇಳಬೇಕಿತ್ತು. ಹುಡುಗಿ ಹೆದರಿದಳು. ಸೂಜಿ ಹೊರಗೆ ಎಳೆಯಲು ಹೊರಟಳು, ಪಟ್ಟಿ ಬಿಚ್ಚದೆಯೇ, ಅಯ್ಯೋ ಹಾಗೆ ಎಳೆದರೆ ರಕ್ತ ಚಿಮ್ಮುತ್ತದೆ, ತೋಳು ಪೂರ್ತಿ ಕಪ್ಪಾಗುತ್ತದೆ, ವಯಸ್ಸಾದವರ ಚರ್ಮ ಬೇರೆ — ಎದ್ದದ್ದು ಯಾವಾಗ ಗೊತ್ತಿಲ್ಲ. ಎಡಗೈ ಪಟ್ಟಿಯ ತುದಿ ಎಳೆದಿತ್ತು, ಬಲಗೈಯಲ್ಲಿ ಹತ್ತಿ ಇತ್ತು, ಈಗ ತೆಗಿ ಅಂದೆ, ತೆಗೆದಳು, ಒತ್ತಿ ಹಿಡಿದೆ, ಅಜ್ಜಾ, ಕೈ ಮಡಿಚಬೇಡಿ, ನೇರ ಇಟ್ಕೊಳಿ, ಆಯ್ತು ಆಯ್ತು. ಅವರ ಬೆರಳಿಗೆ ಬಣ್ಣ ಬಂತು. ನನ್ನ ಹೆಬ್ಬೆರಳಿನ ಕೆಳಗೆ ಅವರ ನಾಡಿ ಮೆಲ್ಲಗೆ ಬಡಿಯುತ್ತಿತ್ತು, ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ, ಎರಡು ವರ್ಷದಲ್ಲಿ ಅಷ್ಟು ಖುಷಿ ಆಗಿರಲಿಲ್ಲ, ಅದೂ ನಾಲ್ಕು ಉಸಿರಿನಷ್ಟು ಹೊತ್ತು, ಆಮೇಲೆ ನನ್ನದೇ ಬರಿಗೈ ಕಣ್ಣಿಗೆ ಬಿತ್ತು, ಏನನ್ನೂ ಮುಟ್ಟಬಾರದಿದ್ದ ಕೈ.

ಬಾಗಿಲಲ್ಲಿ ತರಬೇತುದಾರ್ತಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬೈಯಲಿ, ಬೈದರೆ ಸಾಕು, ಹೊರಗೆ ಹೋಗು ಅನ್ನಲಿ, ಮನೆಗೆ ಹೋಗಿ ರೀ ತಲೆನೋವು ಬಂತು ಅಂತ ಹೇಳುತ್ತೇನೆ, ಆದರೆ ಆಕೆ ನಗುತ್ತಿದ್ದಾರೆ, ಚಪ್ಪಾಳೆ ತಟ್ಟುತ್ತಿದ್ದಾರೆ, ಎಲ್ಲರೂ ನೋಡಿದ್ರಾ, ಪಳಗಿದ ಕೈ ಅಂದ್ರೆ ಇದು, ಇಲ್ಲ ಮೇಡಂ ನಾನು ಸುಮ್ಮನೆ, ಸುಮ್ಮನೆ ಏನಮ್ಮ, ಇವರ ತೋಳು ಉಳಿಸಿದ್ದೀಯ, ಎನ್ನುತ್ತಲೇ ಗೋಡೆಗೆ ತೂಗುಹಾಕಿದ್ದ ರಿಜಿಸ್ಟರ್ ತೆಗೆದರು, ಇವತ್ತಿನ ತಾರೀಖು, ಹನ್ನೊಂದು ಇಪ್ಪತ್ತು, ಕೈಯಾರೆ ಮಾಡಿದವರು ಎಂಬ ಖಾನೆಯಲ್ಲಿ ನನ್ನ ಹೆಸರು, ಕಾಗುಣಿತ ತಪ್ಪಿಲ್ಲದೆ, ದಪ್ಪ ಅಕ್ಷರದಲ್ಲಿ. ಮೇಡಂ, ನಾನು ಬರೀ ನೋಡೋಕೆ ಬಂದವಳು. ಗೊತ್ತು ಗೊತ್ತು, ಅದಕ್ಕೇ ಇದರ ಪ್ರತೀನ ನಿನ್ನ ಅರ್ಜಿಗೆ ಸೇರಿಸೋಕೆ ಪರ್ಮಿಟ್ ಆಫೀಸಿಗೇ ಕಳಿಸ್ತೀನಿ, ಇಂಥ ಕೈನ ಸುಮ್ನೆ ಕೂರಿಸಬೇಡಿ ಅಂತ ಬರೀತೀನಿ, ಬೇಗ ಆಗುತ್ತೆ ನೋಡು. ಎಷ್ಟು ಒಳ್ಳೆಯ ಮನಸ್ಸು, ಅಷ್ಟು ಒಳ್ಳೆಯ ಮನಸ್ಸಿನಿಂದ ನಮ್ಮ ಮೂವರ ಗಂಟುಮೂಟೆ ಕಟ್ಟುತ್ತಿದ್ದಾರೆ. ದಯವಿಟ್ಟು ಅದನ್ನು ತೆಗೆದುಬಿಡಿ ಎಂದೆ, ದನಿ ನನ್ನದಲ್ಲ ಅನ್ನಿಸಿತು, ಮಗಳ ದನಿಯಷ್ಟು ಸಣ್ಣಗಿತ್ತು. ಆಕೆಯ ನಗು ನಿಂತಿತು. ತೆಗೆಯೋಕೆ ಆಗಲ್ಲಮ್ಮ, ಬೇಡ ಅಂದ್ರೆ ಹೊಡೆದುಹಾಕು, ಹೇಗೆ ಅಂತ ನಿಂಗೇ ಗೊತ್ತಲ್ಲ, ಪೆನ್ನು ನನ್ನ ಕೈಗೆ ಬಂತು. ಗೊತ್ತು. ಹನ್ನೊಂದು ವರ್ಷ ಹೊಸಬರಿಗೆಲ್ಲ ನಾನೇ ಹೇಳಿಕೊಟ್ಟದ್ದು, ಅಳಿಸಬೇಡಿ, ಬಿಳಿ ಬಳಿಯಬೇಡಿ, ಒಂದೇ ಒಂದು ಗೆರೆ ಎಳೀರಿ, ಕೆಳಗಿರೋದು ಓದೋ ಹಾಗಿರಬೇಕು, ಪಕ್ಕದಲ್ಲಿ ನಿಮ್ಮ ಸಹಿ, ಟೈಮು, ಲ್ಯಾಬಲ್ಲಿ ಸುಳ್ಳಿಗೆ ಜಾಗ ಇಲ್ಲ ಕಣ್ರೋ — ಹೆಸರನ್ನು ಹಾಗೇ ಬಿಟ್ಟರೆ ಆಕೆ ಬರೆದದ್ದು ನಿಲ್ಲುತ್ತದೆ, ಹೊಡೆದರೆ ಅದರ ಪಕ್ಕ, ಮಾಡಿದವಳು ನಾನಲ್ಲ ಎಂಬ ಸುಳ್ಳಿಗೆ, ನಾನೇ ಸಹಿ ಹಾಕಬೇಕು, ಪೆನ್ನಿನ ತುದಿ ಕಾಗದ ಮುಟ್ಟಿದೆ, ಒಂದು ಚುಕ್ಕೆ ಮೂಡಿ ದೊಡ್ಡದಾಗುತ್ತಿದೆ, ಒಂದೇ ಗೆರೆ, ಗೆರೆಯ ಕೆಳಗೆ ನನ್ನ ಹೆಸರು, ಯಾರು ಬೇಕಾದರೂ ಓದಬಹುದು, ಒಂದೇ ಗೆರೆ, ಕೆಳಗೆ ನನ್ನ ಹೆಸರು, ಓದಬಹುದು, ಗೆರೆ, ಹೆಸರು