ತಪ್ಪಿಲ್ಲದ ದನಿ

ತೊಂಬತ್ತನಾಲ್ಕು.

ಫೋನಿನ ಪರದೆಯ ಮೇಲೆ ಹಳದಿ ನಕ್ಷತ್ರವೊಂದು ಉಬ್ಬಿ, ಒಡೆದು, ಚೂರಾಗಿ ಉದುರಿತು. ‘ಬಹಳ ಚೆನ್ನಾಗಿ ಹಾಡಿದ್ದೀರಿ’ ಎಂಬ ಅಕ್ಷರಗಳು ಮೂಡಿದವು. ಬಚ್ಚಲುಮನೆಯ ಚಿಲಕ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು, ಅವನು ಫೋನನ್ನು ತುಟಿಯ ಹತ್ತಿರ ಹಿಡಿದು ಅದೇ ಸಾಲನ್ನು ಇನ್ನಷ್ಟು ಮೆಲ್ಲಗೆ ಹಾಡಿದ. ತೊಂಬತ್ತಾರು.

ಹಾಗಾದರೆ ಮಗಳಿಗೆ ಕೇಳಿಸಿದ್ದಾದರೂ ಏನು?

ನಿನ್ನೆ ಮಲಗುವ ಮುಂಚೆ ಏಳು ವರ್ಷದ ಮಗಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ‘ಅಪ್ಪ, ಇನ್ಮೇಲೆ ಹಾಡ್ಬೇಡ. ನಂಗೆ ಭಯ ಆಗತ್ತೆ’ ಎಂದಿದ್ದಳು. ಹಟವಿರಲಿಲ್ಲ, ತುಂಟತನವಿರಲಿಲ್ಲ. ಬಹಳ ದಿನದಿಂದ ಹೇಳಬೇಕೆಂದುಕೊಂಡು, ಇವನಿಗೆ ಬೇಜಾರಾದೀತೆಂದು ತಡೆದುಕೊಂಡವಳ ಹಾಗೆ ಹೇಳಿದ್ದಳು. ಆ ಮರ್ಯಾದೆಯೇ ಅವನನ್ನು ಹೆದರಿಸಿತ್ತು.

ನಾಲ್ಕು ತಿಂಗಳ ಹಿಂದೆ ಹೆಂಡತಿಗೆ ಮಧ್ಯಾಹ್ನದ ಪಾಳಿ ಬಿದ್ದಿತ್ತು. ವಿದ್ಯುತ್ ಕಚೇರಿಯಲ್ಲಿ ದೂರಿನ ಕರೆಗಳನ್ನು ತೆಗೆದುಕೊಳ್ಳುವ ಕೆಲಸ. ಮನೆ ಸೇರುವಾಗ ಹತ್ತು ದಾಟುತ್ತಿತ್ತು. ಮಗಳನ್ನು ಮಲಗಿಸುವುದು ಇವನ ಪಾಲಿಗೆ ಬಂತು. ಕಥೆ ಹೇಳಲು ಬಾರದು, ಹಾಗಾಗಿ ಹಾಡಿದ. ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ ಹಾಡದಿದ್ದವನು, ಶಾಲೆಯಲ್ಲಿ ಕಲಿತು ಮರೆತಿದ್ದ ಒಂದು ಪದ್ಯವನ್ನು ಹುಡುಕಿ ತೆಗೆದು ಹಾಡಿದ. ಹಿತವಾಗಿತ್ತು. ಹಾಡುವಾಗ ತಾನು ಕೆಲಸ ಮಾಡುವ ಆಸ್ಪತ್ರೆ ಇರುತ್ತಿರಲಿಲ್ಲ, ಮನೆ ಇರುತ್ತಿರಲಿಲ್ಲ, ತಾನೂ ಇರುತ್ತಿರಲಿಲ್ಲ. ಎಷ್ಟೋ ಸಲ ಮಗಳು ನಿದ್ದೆಹೋದ ಮೇಲೂ ಹಾಡುತ್ತಲೇ ಕೂತಿರುತ್ತಿದ್ದ. ಅವಳು ನಿದ್ದೆಹೋಗಿದ್ದಾಳೆಂದು ತಿಳಿದುಕೊಂಡಿದ್ದ.

ದನಿ ಕೆಟ್ಟದಿರಬೇಕು, ಅಷ್ಟೇ. ಕಲಿತರೆ ಸರಿಹೋಗುತ್ತದೆ. ಹವ್ಯಾಸಕ್ಕೆ ಹಾಡುವವರಿಗೂ ಕಲಿಯಲು ದಾರಿಗಳಿವೆ. ಬೆಳಿಗ್ಗೆ ಬೇಗನೆದ್ದು ಹುಡುಕಿ ಮೂರನ್ನು ಗುರುತು ಹಾಕಿಕೊಂಡಿದ್ದ. ಒಂದು, ಹಾಡಿಗೆ ಅಂಕ ಕೊಡುವ ಈ ಫೋನಿನ ಆ್ಯಪ್. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪಾಠ ಹೇಳುವ ಟೀಚರ್ ಒಬ್ಬರಿದ್ದರು. ಮತ್ತೆ, ಶಾಲೆಯ ಹಾಲ್‌ನಲ್ಲಿ ವಾರಕ್ಕೊಮ್ಮೆ ಸೇರುವ ಹಾಡಿನ ಗುಂಪು. ಅದು ಸೇರುವುದು ಇವತ್ತೇ ಸಂಜೆ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಎಲ್ಲವನ್ನೂ ನೋಡಿಬಿಟ್ಟು ಒಂದನ್ನು ಆರಿಸಿಕೊಳ್ಳಬೇಕು. ಮನೆಯಲ್ಲಿ ಹೇಳುವುದು ಬೇಡ.

ಹೊರಗೆ ಬಂದಾಗ ಮಗಳು ಕುರ್ಚಿಯ ಮೇಲೆ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು.

‘ನಾನು ಹಾಡುವಾಗ ಅದೇನು ಭಯ ಆಗತ್ತೆ ಪುಟ್ಟಿ?’ ನಗುತ್ತ ಕೇಳಿದ.

ಅವಳು ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಅಮ್ಮನ ಪಾತ್ರೆಗಳ ಸದ್ದು ನಿಂತಿತ್ತು.

‘ದನಿ ಜೋರಾಗತ್ತಾ?’

‘ಇಲ್ಲ.’

‘ಮತ್ತೆ?’

‘ನೀನು ನನ್ನೇ ನೋಡ್ತಿರ್ತೀಯ. ಆದ್ರೆ ನನ್ನ ನೋಡ್ತಿರಲ್ಲ.’

‘ಹಾಗಂದ್ರೆ?’

‘ಗೊತ್ತಿಲ್ಲ.’ ಲೇಸಿನ ಗಂಟನ್ನು ಬಿಗಿದು ಎದ್ದಳು. ‘ಅಮ್ಮ, ಇವತ್ತು ದೊಡ್ಡಮ್ಮನ ಮನೇಲೇ ಮಲಕ್ಕೊಳ್ಳಲಾ?’

ಶಾಲೆ ಬಿಟ್ಟ ಮೇಲೆ ಅವಳು ದಿನವೂ ದೊಡ್ಡಮ್ಮನ ಮನೆಗೆ ಹೋಗುವುದು, ಏಳು ಗಂಟೆಗೆ ಇವನು ಹೋಗಿ ಕರೆದುಕೊಂಡು ಬರುವುದು ರೂಢಿ. ಅಲ್ಲೇ ಮಲಗುತ್ತೇನೆಂದು ಇದುವರೆಗೆ ಕೇಳಿರಲಿಲ್ಲ.

‘ನೋಡೋಣ’ ಎಂದಿತು ಅಡುಗೆಮನೆ. ತುಂಬ ಬೇಗ ಎಂದಿತು.

*

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದು ಅವನ ಕೆಲಸ. ಸದ್ದು ಒಳಗೆ ಬಾರದ ಒಂದು ಪುಟ್ಟ ಕೋಣೆ. ಅದರೊಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ರೋಗಿ ಕೂರುತ್ತಾನೆ. ದಪ್ಪ ಗಾಜಿನ ಈಚೆ ಯಂತ್ರದ ಮುಂದೆ ಇವನು. ಇವನು ಒಂದೊಂದೇ ಸದ್ದು ಕಳಿಸಬೇಕು, ಕೇಳಿಸಿದಾಗ ರೋಗಿ ಕೈಯಲ್ಲಿರುವ ಗುಂಡಿ ಒತ್ತಬೇಕು. ಹದಿನಾರು ವರ್ಷದಿಂದ ಜನರಿಗೆ ಏನು ಕೇಳಿಸುವುದಿಲ್ಲ ಎಂಬುದನ್ನು ಅವನು ಬರೆದುಕೊಂಡು ಬಂದಿದ್ದಾನೆ.

ಆ ದಿನದ ಮೂರನೆಯ ರೋಗಿ ವಯಸ್ಸಾದ ಒಬ್ಬ ಟೈಲರ್. ಗುಂಡಿ ಒತ್ತಿದ, ಮತ್ತೆ ಒತ್ತಿದ, ಮತ್ತೆ ಮತ್ತೆ ಒತ್ತಿದ. ಇವನು ಯಂತ್ರದಿಂದ ಕೈ ತೆಗೆದ. ಒಳಗೆ ಯಾವ ಸದ್ದೂ ಹೋಗುತ್ತಿರಲಿಲ್ಲ. ಟೈಲರ್ ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿಕೊಂಡು ಒತ್ತುತ್ತಲೇ ಇದ್ದ.

ಬಾಗಿಲು ತೆಗೆದು ಕೇಳಿದ: ‘ಏನು ಕೇಳಿಸ್ತಾ ಇದೆ ಯಜಮಾನ್ರೇ?’

‘ಸರಿಯಾಗಿ ಗೊತ್ತಾಗ್ತಿಲ್ಲ ಸಾರ್.’

‘ಮತ್ತೆ ಯಾಕೆ ಒತ್ತಿದ್ರಿ?’

‘ಪರೀಕ್ಷೆ ಅಂದ್ಮೇಲೆ ಏನಾದ್ರೂ ಕೇಳಿಸ್ಲೇಬೇಕಲ್ಲ.’

ಬೇರೆ ದಿನವಾಗಿದ್ದರೆ ಊಟದ ಹೊತ್ತಿನಲ್ಲಿ ಇದನ್ನು ಡಾಕ್ಟರಿಗೆ ಹೇಳಿ ನಗುತ್ತಿದ್ದ. ಇವತ್ತು ಊಟಕ್ಕೆ ಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಆ್ಯಪ್ ತೆರೆದು, ಹೆಡ್‌ಫೋನನ್ನು ಫೋನಿಗೆ ಅದುಮಿ ಹಿಡಿದು, ಅದು ಕೇಳಿದ ಸ್ವರವನ್ನು ತನ್ನ ಬಾಯಿಂದಲ್ಲ, ಯಂತ್ರದಿಂದ ಕೊಟ್ಟ. ಏರಿಳಿತವಿಲ್ಲದ, ಉಸಿರಿಲ್ಲದ ಸದ್ದು ಸೂಜಿಯಂತೆ ಹೋಯಿತು.

ನೂರು. ಎರಡು ನಕ್ಷತ್ರಗಳು ಒಡೆದವು. ‘ನಿಮ್ಮ ದನಿಯಲ್ಲಿ ಜೀವವಿದೆ’ ಎಂದಿತು ಆ್ಯಪ್.

ಅವನು ಅದನ್ನು ಅಳಿಸಿದ. ನಾಲ್ಕು ಅಂಕ ಕಡಿಮೆ ಬಂದಿದ್ದಕ್ಕೆ ತನಗೆ ಅಸೂಯೆಯಾಯಿತೋ ಸಮಾಧಾನವಾಯಿತೋ ಗೊತ್ತಾಗಲಿಲ್ಲ.

*

ಟೀಚರ್ ಮನೆ ಮೂರನೆಯ ಮಹಡಿಯಲ್ಲಿತ್ತು. ಅರವತ್ತು ದಾಟಿದ ಹೆಂಗಸು, ಒಂಟಿ. ಕೋಣೆಯಲ್ಲಿ ಒಂದು ಕೀಬೋರ್ಡ್, ಎರಡು ಕುರ್ಚಿ, ಗೋಡೆಯ ಮೇಲೆ ಏನೂ ಇಲ್ಲ.

‘ಯಾಕೆ ಕಲೀಬೇಕು?’

‘ಹೀಗೇ. ಹವ್ಯಾಸಕ್ಕೆ.’

‘ಯಾರಾದ್ರೂ ಏನಾದ್ರೂ ಅಂದ್ರಾ?’

‘ಇಲ್ಲ’ ಎಂದ.

ಅವರು ಒಂದು ಕೀಲಿಯನ್ನು ಒತ್ತಿ ಹಿಡಿದರು. ಅವನು ಅದಕ್ಕೆ ದನಿ ಕೂಡಿಸಿದ. ತಲೆಯಾಡಿಸಿದರು. ಇನ್ನೊಂದು. ಅದಕ್ಕೂ ಆಡಿಸಿದರು. ‘ಮನೇಲಿ ಯಾವ್ದು ಹಾಡ್ತೀರೋ ಅದನ್ನೇ ಹಾಡಿ’ ಎಂದು ಕುರ್ಚಿಗೆ ಒರಗಿದರು.

ಅವನು ಮಗಳಿಗೆ ಹಾಡುವ ಪದ್ಯವನ್ನು ಹಾಡಿದ. ಮೊದಲ ಸಾಲಿಗೆ ನಾಚಿಕೆಯಾಯಿತು. ಎರಡನೆಯದಕ್ಕೆ ಕಡಿಮೆಯಾಯಿತು. ಆಮೇಲೆ ಆ ಪರಿಚಿತ ಹಿತ ಬಂತು. ಕೋಣೆ ಹೋಯಿತು, ಕುರ್ಚಿ ಹೋಯಿತು.

ಹಾಡು ಮುಗಿದಾಗ ಟೀಚರ್ ಎದುರಿನ ಕುರ್ಚಿಯಲ್ಲಿರಲಿಲ್ಲ. ಮನೆಯ ಮುಂಬಾಗಿಲನ್ನು ಅಗಲವಾಗಿ ತೆರೆದು ಹೊಸ್ತಿಲ ಹತ್ತಿರ ನಿಂತಿದ್ದರು. ಒಂದು ಕೈ ಬಾಗಿಲ ಹಿಡಿಯ ಮೇಲಿತ್ತು. ಅವರು ಎದ್ದದ್ದಾಗಲಿ, ಚಿಲಕ ತೆಗೆದದ್ದಾಗಲಿ ಇವನಿಗೆ ಕಂಡಿರಲಿಲ್ಲ, ಕೇಳಿಸಿರಲಿಲ್ಲ.

‘ಸೆಖೆ’ ಎಂದರು ಅವರು.

ಸೆಖೆಯಿರಲಿಲ್ಲ.

‘ಹೇಗಿತ್ತು?’

‘ಶ್ರುತಿ ಸರಿಯಿದೆ. ತಾಳವೂ ಸರಿಯಿದೆ.’

‘ತಪ್ಪು ಎಲ್ಲಿದೆ?’

‘ತಪ್ಪಿದ್ದಿದ್ರೆ ತಿದ್ದಬಹುದಿತ್ತು.’

ಅವನು ಕಾದ. ಅವರು ಬಾಗಿಲ ಹತ್ತಿರದಿಂದಲೇ ಮಾತಾಡಿದರು, ನಿಧಾನವಾಗಿ, ಪದಗಳನ್ನು ಆರಿಸಿ ಆರಿಸಿ.

‘ನನ್ನ ಹತ್ರ ಬರೋದಾದ್ರೆ ಒಂದು ವರ್ಷ ಹಾಡು ಅನ್ನೋದೇ ಇಲ್ಲ. ದಿನಾ ಒಂದು ಗಂಟೆ, ಒಂದೇ ಸ್ವರ. ಹಾಡಿನಲ್ಲಿ ನೀವು ಎಲ್ಲಿಗೋ ಹೊರಟುಹೋಗ್ತೀರಿ. ಒಂದೇ ಸ್ವರದಲ್ಲಿ ಹೋಗೋಕೆ ಜಾಗ ಇರಲ್ಲ, ಇಲ್ಲೇ ಕೂತಿರಬೇಕಾಗತ್ತೆ. ಕಷ್ಟ ಅದು. ಕೆಲವರಿಗೆ ಅಳು ಬರತ್ತೆ. ಕೆಲವರಿಗೆ ಸಿಟ್ಟು.’

‘ಮತ್ತೆ ಕೆಲವರಿಗೆ?’

ಟೀಚರ್ ಮೆಟ್ಟಿಲ ಕಡೆ ನೋಡಿದರು. ‘ಏನೂ ಬರಲ್ಲ. ಕೂತೇ ಇರ್ತಾರೆ, ಸ್ವರ ಸರಿಯಾಗಿರತ್ತೆ, ಏನೂ ಬರಲ್ಲ. ಅಂಥವರೊಬ್ರು ಇದ್ರು.’

‘ಏನಾದ್ರು?’

‘ಬಿಟ್ಟುಬಿಟ್ರು. ಮಾತೂ ಕಮ್ಮಿ ಮಾಡಿದ್ರು ಅಂತ ಅವರ ಮನೆಯವರು ಹೇಳಿದ್ರು. ನಿಮಗೆ ಹಾಗಾಗತ್ತೆ ಅಂತಲ್ಲ.’ ಅವರು ನಗಲು ನೋಡಿದರು. ‘ಒಂದು ಜಾಗ ಖಾಲಿ ಇದೆ, ಇನ್ನೊಬ್ಬರೂ ಕೇಳಿದಾರೆ. ಆರು ಗಂಟೆಯೊಳಗೆ ಫೋನ್ ಮಾಡಿ ಹೇಳಿ. ಬರಲೇಬೇಕು ಅಂತೇನಿಲ್ಲ.’

ಅವನು ಒಂದು ಮಹಡಿ ಇಳಿಯುವಷ್ಟರಲ್ಲಿ ಮೇಲೆ ಬಾಗಿಲು ಮುಚ್ಚಿಕೊಂಡಿತು. ಚಿಲಕ ಬಿತ್ತು. ಸ್ವಲ್ಪ ತಡೆದು ಕೆಳಗಿನ ಚಿಲಕವೂ ಬಿತ್ತು.

*

ಬೀದಿಯಲ್ಲಿ ನಿಂತಿದ್ದಾಗ ಹೆಂಡತಿಯ ಫೋನ್ ಬಂತು. ಹಿಂದೆ ಅವಳ ಕಚೇರಿಯ ಗದ್ದಲವಿತ್ತು.

‘ಎಲ್ಲಿದೀರಿ?’

‘ಆಸ್ಪತ್ರೇಲಿ.’

‘ಆಸ್ಪತ್ರೆಗೆ ಮಾಡಿದ್ದೆ. ರಜೆ ಅಂದ್ರು.’

ಅವಳು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದ.

‘ಪುಟ್ಟಿ ಅಕ್ಕನ ಮನೇಲೇ ಇರ್ತಾಳಂತೆ. ಇರ್ಲಿ ಬಿಡಿ. ಅವಳ ಬಟ್ಟೆ ಕೊಟ್ಟು ಬಂದಿದೀನಿ.’

‘ಒಂದು ದಿನಕ್ಕೆ ತಾನೇ?’

‘ಒಂದು ನಾಲ್ಕು ದಿನ.’

‘ನಾನು ಹಾಡಲ್ಲ ಅಂತ ಹೇಳು ಅವಳಿಗೆ.’

‘ಹಾಡಿದ್ರೂ ಅಷ್ಟೇ, ಹಾಡದಿದ್ರೂ...’ ಅವಳು ನಿಲ್ಲಿಸಿದಳು.

ಒಂದು ಬಸ್ ಹೋಯಿತು. ಅದು ಪೂರ್ತಿ ಹೋಗುವವರೆಗೆ ಕಾದು ಕೇಳಿದ: ‘ನಿನಗೂ ಭಯ ಆಗತ್ತಾ?’

‘ಇಡ್ತೀನಿ ರೀ, ಒಲೆ ಮೇಲೆ ಹಾಲಿಟ್ಟಿದೀನಿ.’

ಅವಳು ಕಚೇರಿಯಲ್ಲಿದ್ದಳು. ಬೇಡದ ಕರೆ ಬಂದಾಗ ಮನೆಯಲ್ಲಿ ಯಾವಾಗಲೂ ಹೇಳುವ ಮಾತು ತಾನಾಗಿ ಬಾಯಿಗೆ ಬಂದಿತ್ತು. ದೂರದ ನೆಂಟರಿಗೆ, ಏನಾದರೂ ಮಾರಲು ಬಂದವರಿಗೆ ಹೇಳುವ ಮಾತು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವನಿಗೆ ಹೇಳಿದ್ದು ಇದೇ ಮೊದಲು.

ಟೀಚರ್ ನಂಬರನ್ನು ತೆಗೆದು ನೋಡಿದ. ಒಂದು ವರ್ಷ, ಒಂದೇ ಸ್ವರ, ಎದುರಿಗೆ ಖಾಲಿ ಗೋಡೆ. ಏನೂ ಬಾರದಿದ್ದರೆ? ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಶಾಲೆಯ ಕಡೆ ನಡೆದ. ಬಹುತೇಕ ಓಡಿದ.

*

ಗುಂಪು ನಡೆಸುವವನು ಹಲ್ಲಿನ ಡಾಕ್ಟರ್. ಎಲ್ಲರೂ ಅವನನ್ನು ಹಲ್ಲಣ್ಣ ಎನ್ನುತ್ತಿದ್ದರು, ಅವನಿಗೂ ಅದರಲ್ಲಿ ಬೇಸರವಿದ್ದಂತಿರಲಿಲ್ಲ.

‘ಬನ್ನಿ ಬನ್ನಿ, ಹೊಸಬ್ರಾ? ನಮ್ಮಲ್ಲಿ ಪರೀಕ್ಷೆ ಗಿರೀಕ್ಷೆ ಏನಿಲ್ಲ. ಯಾರಿಗೂ ಹಾಡೋಕೆ ಬರಲ್ಲ, ಅದೇ ಅರ್ಹತೆ. ಬಾಯಿ ದೊಡ್ಡದಾಗಿ ತೆರೀರಿ, ಮಿಕ್ಕಿದ್ದು ನಾನು ನೋಡ್ಕೋತೀನಿ.’

ಎಲ್ಲರೂ ನಕ್ಕರು. ಅವನೂ ನಕ್ಕ. ಮೂವತ್ತಕ್ಕೂ ಹೆಚ್ಚು ಜನ ಮೂರು ಸಾಲಾಗಿ ನಿಂತಿದ್ದರು. ಕೊನೆಯ ಸಾಲಿನಲ್ಲಿ, ಔಷಧಿ ಅಂಗಡಿಯ ಹೆಂಗಸು ಮತ್ತು ನಿವೃತ್ತ ಬಸ್ ಡ್ರೈವರ್ ನಡುವೆ, ಅವನಿಗೆ ಜಾಗ ಮಾಡಿಕೊಟ್ಟರು. ಡ್ರೈವರ್ ತನ್ನ ಹಾಡಿನ ಹಾಳೆಯನ್ನು ಇವನಿಗೂ ಕಾಣುವ ಹಾಗೆ ಹಿಡಿದ. ದೋಣಿಯೊಂದರ ಹಾಡು, ಸುಲಭವಾಗಿತ್ತು.

ಇದೇ ಸರಿ ಎನ್ನಿಸಿತು. ಇಷ್ಟು ಜನರ ನಡುವೆ ಯಾರು ಯಾರನ್ನು ಕೇಳಿಸಿಕೊಳ್ಳುತ್ತಾರೆ? ಅವನು ದನಿ ಬಿಟ್ಟು ಹಾಡಿದ.

ಎರಡನೆಯ ಚರಣಕ್ಕೆ ಔಷಧಿ ಅಂಗಡಿಯ ಹೆಂಗಸು ಅರ್ಧ ಹೆಜ್ಜೆ ಆಚೆ ಸರಿದಳು. ತಿರುಗಿ ನೋಡಲಿಲ್ಲ, ಸೆರಗಿಗೆ ಏನೋ ತಾಗಿದ ಹಾಗೆ ಸರಿದಳು. ಡ್ರೈವರ್ ಹಿಡಿದಿದ್ದ ಹಾಳೆ ಮೆಲ್ಲಗೆ ಇವನಿಂದ ಸರಿದು ಡ್ರೈವರ್‌ನ ಎದೆಯ ಕಡೆಗೆ ಹೋಯಿತು. ಮುಂದಿನ ಸಾಲಿನಲ್ಲಿ ಒಬ್ಬರು ಕತ್ತು ಸವರಿಕೊಂಡರು.

ಅವನು ದನಿ ತಗ್ಗಿಸಿದ. ಹೆಂಗಸು ಅಲ್ಲೇ ನಿಂತಿದ್ದಳು. ಇನ್ನೂ ತಗ್ಗಿಸಿದ. ಕೊನೆಗೆ ತುಟಿಗಳನ್ನು ಮಾತ್ರ ಆಡಿಸಿದ. ಬಾಯಿ ಅಗಲವಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಗಂಟಲಿನಿಂದ ಗಾಳಿ ಕೂಡ ಹೊರಡುತ್ತಿರಲಿಲ್ಲ. ಹೆಂಗಸು ತನ್ನ ಜಾಗಕ್ಕೆ ಮರಳಿದಳು. ಹಾಳೆ ಮತ್ತೆ ಇಬ್ಬರ ನಡುವೆ ಬಂತು.

ಹಾಡು ಮುಗಿಯಿತು. ಹಲ್ಲಣ್ಣ ಎತ್ತಿದ ಕೈಯನ್ನು ಕೆಳಗಿಳಿಸದೆ ನಿಂತ.

‘ಕೊನೇ ಸಾಲು, ಇವತ್ತು ಏನ್ ಮಾಡಿದ್ರಿ ನೀವು? ಎರಡು ವರ್ಷದಿಂದ ಬಡ್ಕೊಂಡೆ, ಇವತ್ತು ತುಂಬ್ಕೊಂಡು ಬಂತು.’ ಇವನ ಕಡೆ ನೋಡಿದ. ‘ಹೊಸಬ್ರ ದನಿ ಸೇರಿದ್ದು ಗೊತ್ತಾಗತ್ತೆ ನೋಡಿ. ಹೀಗೇ ಹಾಡಿ. ಏನೂ ಬದಲಾಯಿಸ್ಬೇಡಿ.’

‘ಒಳ್ಳೇ ಕಂಠ ಸಾರ್ ನಿಮ್ದು’ ಎಂದ ಡ್ರೈವರ್, ಮನಸ್ಸಿನಿಂದ.

ತಾನು ಬರೀ ತುಟಿ ಆಡಿಸಿದ್ದೆಂದು ಅವನಿಗೆ ಹೇಳಬೇಕೆನಿಸಿತು. ಬಾಯಿ ತೆರೆದ. ಎಲ್ಲರೂ ಅವನನ್ನು ನೋಡಿ ಆದರದಿಂದ ನಗುತ್ತಿದ್ದರು. ‘ಥ್ಯಾಂಕ್ಸ್’ ಎಂದ. ಹೆಂಗಸಿನ ಮುಖದ ನಗು ಒಂದು ಕ್ಷಣ ಅಲುಗಾಡಿತು.

ಗಡಿಯಾರದಲ್ಲಿ ಆರು ದಾಟಿ ಏಳು ನಿಮಿಷವಾಗಿತ್ತು. ಟೀಚರ್ ಆ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ. ಏಳಕ್ಕೆ ಯಾರನ್ನೂ ಕರೆತರಲು ಹೋಗಬೇಕಾಗಿಲ್ಲ. ಇಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದು.

‘ಇನ್ನೊಂದ್ಸಲ, ಮೊದಲಿಂದ’ ಎಂದು ಹಲ್ಲಣ್ಣ ಕೈಯೆತ್ತಿದ.

ಹಾಡು ಶುರುವಾಯಿತು. ಹೊರಗೆ ಕತ್ತಲಾಗಿತ್ತು. ಹಾಲ್‌ನ ಉದ್ದನೆಯ ಕಿಟಕಿಗಳಲ್ಲಿ ಬೀದಿ ಮಾಯವಾಗಿ, ಗಾಜಿನೊಳಗೆ ಮೂರು ಸಾಲು ಜನ ನಿಂತಿದ್ದರು. ಮೂರು ಸಾಲು ತೆರೆದ ಬಾಯಿಗಳು ಒಟ್ಟಿಗೆ ಅಗಲವಾಗುತ್ತಿದ್ದವು, ಒಟ್ಟಿಗೆ ಕಿರಿದಾಗುತ್ತಿದ್ದವು. ಅವನು ತನ್ನನ್ನು ಹುಡುಕಿದ. ಕೊನೆಯ ಸಾಲನ್ನು ಒಂದು ತುದಿಯಿಂದ ಎಣಿಸಿಕೊಂಡು ಬಂದ. ಮಧ್ಯದಲ್ಲಿ ಮುಖಗಳು ಒಂದರ ಮೇಲೊಂದು ಬಿದ್ದು ಲೆಕ್ಕ ತಪ್ಪಿತು. ಇನ್ನೊಂದು ತುದಿಯಿಂದ ಎಣಿಸಿದ. ಮತ್ತೆ ತಪ್ಪಿತು.

ಗುರುತು ಸಿಗಲೆಂದು ಅವನು ಬಾಯಿ ಮುಚ್ಚಿದ. ಎರಡೂ ತುಟಿಗಳನ್ನು ಹಲ್ಲಿನ ನಡುವೆ ನೋಯುವಷ್ಟು ಕಚ್ಚಿ ಹಿಡಿದು, ಗಾಜಿನಲ್ಲಿ ಮುಖ ಮುಖವನ್ನೂ ನೋಡುತ್ತ ಹೋದ.

ಎಲ್ಲ ಬಾಯಿಗಳೂ ತೆರೆದಿದ್ದವು.