ಗೂಡಿನ ದಾರಿ

ಶವದ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು.

"ನಿಮ್ಮ ಕಡೆ ಎತ್ರಪ್ಪಾ!" ಎಂದು ಡ್ರೈವರ್ ಕೂಗಿದ. ಇಪ್ಪತ್ತೆರಡು ವರ್ಷ ಹಕ್ಕಿ ಮೇಡಮ್ಮನ್ನು ಜೀಪಿನಲ್ಲಿ ಕಾಡು ಸುತ್ತಿಸಿದವನು, ಇವತ್ತು ಹೆಗಲ ಮೇಲೆ ಹೊತ್ತಿದ್ದ. ಊರೆಲ್ಲ ಅವನನ್ನು ಕರೆಯೋದು ಬುರುಡೆ ಅಂತ. ಮೊಸಳೆ ಬೆನ್ನ ಮೇಲೆ ಜೀಪು ಓಡಿಸಿ ಹೊಳೆ ದಾಟಿದೆ ಅನ್ನೋನು, ಅದೂ ಟಯರು ಒದ್ದೆಯಾಗದ ಹಾಗೆ.

ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ಇಸ್ತ್ರಿ ಅಂಗಿಯ ಅಪರಿಚಿತನೊಬ್ಬ ಅವನ ಕಿವಿಯ ಹತ್ತಿರ ಬಾಯಿ ತಂದ.

"ನೀಲಿ ಕೊರಳಿನ ಹಕ್ಕಿ ಗೂಡು ಎಲ್ಲಿದೆ ಅಣ್ಣಾ?"

ಬುರುಡೆ ಅವನ ಕೈ ನೋಡಿದ. ಆ ಬೆರಳುಗಳ ಸಂದಿಯಲ್ಲಿ ಹಕ್ಕಿ ಹಿಡಿಯುವ ಅಂಟು ಕರ್ರಗೆ ಕೂತಿತ್ತು.

\* \* \*

ಹೋದ ವಾರ ಹಳೇ ಕಲ್ಲುಕ್ವಾರಿ ಎದುರು ಮೇಡಂ ದುರ್ಬೀನು ಇಳಿಸಿದ್ದರು.

"ಉಳಿದಿರೋದು ಇದೊಂದೇ ಜೋಡಿ ಕಣೋ. ನನ್ನ ಟಿಪ್ಪಣಿ ಪುಸ್ತಕದಲ್ಲೂ ಜಾಗ ಬರೆದಿಲ್ಲ. ಇನ್ನು ಹತ್ತು ದಿನ ಬಾಯಿ ಮುಚ್ಕೊಂಡಿರು, ಮರಿ ಹಾರಿಹೋಗ್ತವೆ."

"ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ, ನನಗ್ಯಾಕೆ ತೋರಿಸಿದ್ರಿ?"

"ನೀನು ನಿಜ ಹೇಳಿದ್ರೂ ಯಾರಯ್ಯಾ ನಂಬ್ತಾರೆ?" ಎಂದು ನಕ್ಕಿದ್ದರು.

\* \* \*

ಮಣ್ಣು ಮುಚ್ಚಿದ ಮೇಲೆ ಮೇಡಂನ ತಮ್ಮ ಎಲ್ಲರೆದುರು ಬುರುಡೆಯ ಕೈ ಹಿಡಿದು ಅತ್ತ.

"ಅಕ್ಕ ಹೇಳೋಳು, ಗೂಡುಗಳೆಲ್ಲ ಇವನ ತಲೇಲಿವೆ ಅಂತ. ಹಕ್ಕಿ ವಿಷಯಕ್ಕೆ ಮಾತ್ರ ಇವನು ಸುಳ್ಳು ಹೇಳಲ್ವಂತೆ."

"ಅಯ್ಯೋ, ಆ ತಲೇಲಿ ಏನಿದೆ, ಗಾಳಿ!" ಅಂದಳು ಬುರುಡೆಯ ಹೆಂಡತಿ. ಅಳುತ್ತಿದ್ದವರೂ ನಕ್ಕರು. ಇಸ್ತ್ರಿ ಅಂಗಿಯವನು ನಗಲಿಲ್ಲ. ಹೋಗಿ ಜೀಪಿಗೆ ಒರಗಿ ನಿಂತ.

"ಒಳ್ಳೆ ಹೆಂಗಸು ನಿನ್ನ ಹೆಂಡತಿ," ಅಂದ, ಬುರುಡೆ ಬಂದಾಗ. "ಹಸಿರು ಬಾಗಿಲ ಮನೆ ಅಲ್ವಾ? ಮನೇಲಿ ಒಬ್ಬಳೇ ಇರ್ತಾಳಲ್ವಾ? ನಡಿ, ಗೂಡು ತೋರಿಸು."

ಮರಿ ಹಾರಲು ಇನ್ನೂ ಮೂರು ದಿನವಿತ್ತು. ಕ್ವಾರಿ ಇದ್ದದ್ದು ಎಡಕ್ಕೆ. ಬುರುಡೆ ಬಲಕ್ಕೆ ತಿರುಗಿಸಿದ. ದಾರಿಯುದ್ದಕ್ಕೂ ಮೊಸಳೆ ಕತೆ ಹೇಳಿದ, ಆನೆ ಕತೆ ಹೇಳಿದ. ಮೂವತ್ತು ಮೈಲಿ ಆಚೆ, ಮನೆ ಮಠ ಏನೂ ಇಲ್ಲದ ಕಡೆ ನಿಲ್ಲಿಸಿದ.

"ಇಲ್ಲೇ ಸ್ವಾಮಿ. ಆ ಮರದಲ್ಲಿ."

"ಗೂಡಿದ್ರೆ ಗಂಡು ಸುಮ್ನಿರಲ್ಲ," ಅಂದ ಅವನು. "ಕೂಗಿದ್ರೆ ಮರುಕೂಗು ಬಂದೇ ಬರುತ್ತೆ."

ಎರಡು ಬೆರಳು ಬಾಯಿಗಿಟ್ಟು ಊದಿದ. ಥೇಟ್ ಅದೇ ದನಿ.

ಕಾದರು. ಒಂದೆಲೆಯೂ ಅಲುಗಲಿಲ್ಲ.

ಮತ್ತೆ ಊದಿದ. ಕಾದರು.

ಅವನು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, ಅವಸರವಿಲ್ಲದೆ ಕೈ ಚಾಚಿ, ಜೀಪಿನ ಕೀ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.